ಮೂರನೆಯ ರಜಾ ಚೀಟಿ

“ಮೈಸೆಲ್ಫ್ ರಾಜರತ್ನ, ಮೇಡಂ!”

“ಮೈಸೆಲ್ಫ್ ಅಲ್ಲ! ಸರಿಯಾಗಿ ಹೇಳ್ರಿ, ಆಮ್ಯಾಲ ಕೂಡ್ರಿ.”

ಬೀದರಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಪ್ರಣಾಲಿ ಮೊದಲ ದಿನವೇ ಅವನನ್ನು ನಿಲ್ಲಿಸಿದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಆ ನಗು ಅವಳೆದೆಯಲ್ಲಿ ಎಲ್ಲೋ ಕೂತುಬಿಟ್ಟಿತು...

‘ರಿಟರ್ನ್ ಬ್ಯಾಕ್’ ಅಂದರೆ ಪ್ರಣಾಲಿಗೆ ತಲೆನೋವು, ‘ಗುಡ್ ನೇಮ್’ ಅಂದರೆ ಹಲ್ಲುನೋವು. ಮದುವೆ ಕಾರ್ಡನ್ನೂ ಕೆಂಪು ಪೆನ್ನು ಹಿಡಿದೇ ಓದುವವಳು. ಕ್ಲಾಸಿಗೆ ಅವಳದೊಂದು ಕಾನೂನು: ರಜೆ ಬೇಕಾದರೆ ಇಂಗ್ಲಿಷಿನಲ್ಲಿ ಚೀಟಿ, ತಪ್ಪಿದ್ದರೆ ಮತ್ತೆ ಬರೆಯಬೇಕು.

ಕೆಲವು ತಿಂಗಳ ಮೇಲೆ ಒಂದು ಸಂಜೆ, ಊರಾಚೆಯ ಕೊಳಾರದ ಗೋದಾಮಿನಲ್ಲಿ ದುಡಿದು ಬಂದ ರಾಜರತ್ನ ರಜೆಯ ಚೀಟಿ ಚಾಚಿದ. ಅವಳು ತಲೆ ಎತ್ತಲಿಲ್ಲ. ಆರು ಕೆಂಪು ಸುತ್ತು.

“ಮತ್ತ ಬರೀರಿ.”

ಎರಡನೆಯದರಲ್ಲಿ ಮೂರು.

“ಮತ್ತ.”

ಮೂರನೆಯದರಲ್ಲಿ ಒಂದೂ ಇರಲಿಲ್ಲ.

“ಶಾಬಾಸ್!”

ಅವನು ಓಡಿದ.

ಆಮೇಲೆ ಹನ್ನೊಂದು ದಿನ ಅವನಿಲ್ಲ. ಫೋನೂ ಎತ್ತಲಿಲ್ಲ. ‘ನನ್ನ ಮ್ಯಾಲ ಸಿಟ್ಟೇನು?’ ಎಂದು ಅವನ ಆ ಮೂರನೆಯ ಚೀಟಿ ತೆಗೆದಳು. ತಪ್ಪು ಹುಡುಕದೆ ಮೊದಲ ಸಲ ಓದಿದಳು.

ಅವ್ವ ಉಳಿಯುವ ಹಾಗಿಲ್ಲ. ಊರಿನ ಬಸ್ಸು ಐದೂವರೆಗೆ.

ಕೆಳಗೆ ಅವಳ ಸಹಿ, ಅವಳೇ ಬರೆದ ಸಮಯ: ಐದು ಐವತ್ತು!

ಮರುದಿನ ಔರಾದ ದಾಟಿ ಅವನ ಊರು ಡಾಬಕಾಕ್ಕೆ ಹೋದಳು. ಬಾಗಿಲು ತೆಗೆದವಳು ಅವನ ತಂಗಿ ಸಪನಾ.

“ಅವ್ವ ಅವತ್ತ ಸಂಜಿ ಏಳಕ್ಕ ಹೋದ್ಲರಿ. ರಾಜಾ ಬಂದನೇನು ಅಂತ ಬಾಗಲ ಕಡೀನೇ ನೋಡ್ತಿದ್ಲು. ಅಣ್ಣ ಬಂದದ್ದು ಒಂಬತ್ತಕ್ಕ.”

ಪ್ರಣಾಲಿಯ ಚೀಲದಲ್ಲಿ ಕ್ಷಮಾಪಣೆಯ ಪತ್ರವಿತ್ತು. ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ. ಹೊರಗೆ ತೆಗೆಯಲು ನಾಚಿಕೆಯಾಯಿತು.

ಅಂಗಳದಲ್ಲಿ ಅವನು ಕೂತಿದ್ದ.

“ನಾನೇ ತಡಾ ಮಾಡ್ಸಿದ್ದು, ರಾಜರತ್ನ. ಬೈರಿ ನನಗ...”

“ಚೀಟಿ ಒಗದು ಓಡಬಹುದಿತ್ರಿ ನಾ. ನಿಮ್ಮ ಕಡಿಂದ ಒಂದ್ ಶಾಬಾಸ್ ಬೇಕಾಗಿತ್ತು... ಅದಕ್ಕ ಕುಂತು ಬರದೆ.”

ಅವಳು ಅವನ ಎದುರು ನೆಲದ ಮೇಲೆ ಕೂತಳು.

“ನಿಮಗ ನೋಡಿದ್ರ ಅವ್ವ ನೆನಪಾಗ್ತಾಳ. ನೋಡದಿದ್ರ ನೀವು ನೆನಪಾಗ್ತೀರಿ. ಏನ್ ಮಾಡ್ಲಿ, ಹೇಳ್ರಿ ಮೇಡಂ?”

“ಗೊತ್ತಿಲ್ರಿ... ನಿಮಗ ಬಿಟ್ಟು ಇರ್ಲಾಕ ಆಗಂಗಿಲ್ಲ. ಅಷ್ಟೇ ಗೊತ್ತು.”

ರಸ್ತೆಯಲ್ಲಿ ಹಾರ್ನ್ ಕೇಳಿಸಿತು.

“ಬೀದರ ಬಸ್ಸು. ಇವತ್ತಿಂದು ಇದೇ ಕಡೀದು. ಹೋಗ್ರಿ.”

“ಹೋಗ್ಲಿ ಬಿಡ್ರಿ ಅದು. ಸಪನಾನ ಬಾಜೂ ಮಲ್ಕೋತೇನಿ. ಅವ್ವನ ಬಗ್ಗಿ ಹೇಳ್ರಿ.”

ಬಸ್ಸಿನ ಸದ್ದು ದೂರದಲ್ಲಿ ಕರಗಿತು.

“ಹ್ಯಾಂಗ ಹೇಳಬೇಕೋ ತಿಳೀವಲ್ದರಿ...”

“ಹ್ಯಾಂಗ ಬರ್ತದ, ಹಂಗ ಹೇಳ್ರಿ.”