ಎಂಟು ಪೆಟ್ಟಿಗೆಯೊಳಗಿನ ಮಾಲು

ಕುಡುಗೋಲು ನನ್ನ ಗಂಟಲಿಗೆ ತಾಗಿಕೊಂಡೇ ಇತ್ತು!

ಹೊಸಾ ಕುಡುಗೋಲು. ಆಗಷ್ಟೇ ಚೌಕಿಪೇಟೆಯಲ್ಲಿ ಕೊಂಡದ್ದು. ಹಿಡಿಗೆ ಸುತ್ತಿದ್ದ ಪೇಪರ್ ಕೂಡ ಇನ್ನೂ ಬಿಚ್ಚಿರಲಿಲ್ಲ.

"ಅಳ್ಳಾಡಿದ್ರ ಕೊಯ್ದು ಬಿಡ್ತೀನಿ!"

ನಾನು ಅಲ್ಲಾಡಲಿಲ್ಲ.

ನನ್ನ ಹೆಸರು ಅಶ್ವಥ್. ದಾವಣಗೆರೆಯ ಪಿ.ಬಿ. ರೋಡಿನಲ್ಲಿ ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಒಂದು ಕೋಣೆ ನನ್ನ ಆಫೀಸು. ದುಬೈ, ಮಸ್ಕತ್, ಆಫ್ರಿಕಾ... ನಿಮ್ಮವರು ಎಲ್ಲೇ ಇರಲಿ, ನಿಮ್ಮ ಪೆಟ್ಟಿಗೆಯನ್ನು ಅಲ್ಲಿಗೆ ಮುಟ್ಟಿಸುವುದು ನನ್ನ ಕೆಲಸ. ಕಸ್ಟಮ್ಸ್ ಸುಂಕ, ಪೇಪರ್ರು, ಸೀಲು, ಸಹಿ... ಎಲ್ಲಾ ತಲೆನೋವೂ ನನ್ನದೇ. ಈ ದಂಧೆಯಲ್ಲಿ ಕಾಲರ್ ಹಿಡಿದವರನ್ನು ನೋಡಿದ್ದೇನೆ, ಕತ್ತಿ ತೋರಿಸಿದವರನ್ನೂ ನೋಡಿದ್ದೇನೆ. ಯಾರಿಗೂ ಜಗ್ಗಿದವನಲ್ಲ.

ಆದರೆ ಈಗ ಎದುರಿಗೆ ನಿಂತಿದ್ದವಳು ಭಾನುವಳ್ಳಿಯ ಉಡಚಮ್ಮ!

ಚಾನಲ್ ನೀರಿನ ಗದ್ದೆಯಲ್ಲಿ ಗಂಡಾಳುಗಳನ್ನು ಹಿಂದೆ ಹಾಕಿ ಭತ್ತ ಕೊಯ್ಯುವ ಹೆಂಗಸು. ಆ ಕೈಗೆ ನನ್ನ ಕುತ್ತಿಗೆ ಯಾವ ಲೆಕ್ಕ?

"ಪೆಟ್ಟಿಗಿ ಮ್ಯಾಲೆ ಏನ್ ಬರ್ದೀಯೋ?"

"ವಿಳಾಸ..."

"ಅದರ ಕೆಳಗ! ದಪ್ಪ ಅಕ್ಷರದಾಗ!"

"ಯೂಸ್ಡ್ ಕಂಪ್ಯೂಟರ್ಸ್..."

"ಯೂಸ್ಡ್ ಅಂದ್ರ ಏನಂತ ಹಮಾಲಿ ಹೇಳಿದ ನನಗ! ನಾನು ಮಗಳಿಗೆ ಹಳೇದು ಕಳಿಸ್ತೀನಿ ಅಂತ ದೇಶಕ್ಕೆಲ್ಲ ಡಂಗುರ ಹೊಡೀತೀಯಾ? ಅವಳ ಅತ್ತಿ ಅದನ್ನ ಓದಿದ್ರ ಏನಂದಾಳು?"

"ಯಮ್ಮಾ... ಅವು ಹಳೇವೇ ಅಲ್ಲೇನ್ರಿ! ವಿದ್ಯಾನಗರದ ಕಾಲೇಜಿನೋರು ತೆಗೆದು ಹಾಕಿದ್ದನ್ನ ನೀವೇ ತಗೊಂಡ್ರಿ!"

"ತಗೊಂಡೆ. ಅದನ್ನ ಬರಿಬೇಕೇನು?"

ನೀವೇ ಹೇಳಿ, ಈ ಪ್ರಶ್ನೆಗೆ ಯಾವ ಕಾನೂನಿನಲ್ಲಿ ಉತ್ತರ ಇದೆ?

ವಿಷಯ ಇಷ್ಟು. ಉಡಚಮ್ಮನ ಮಗಳು ಸುನೀತಾ ಇರುವುದು ಟಾಂಜಾನಿಯಾದಲ್ಲಿ. ಗಂಡ ಅಲ್ಲಿ ಬೋರ್‌ವೆಲ್ ಕೊರೆಯುವ ಲಾರಿ ಓಡಿಸುತ್ತಾನೆ. ಇಡೀ ಮನೆಯೇ ಆ ಕಂಪನಿಯ ಕ್ಯಾಂಪಿನಲ್ಲಿದೆ, ಅತ್ತೆಯೂ ಸೇರಿ. ಡಿಗ್ರಿ ಓದಿದ ಹುಡುಗಿ ಅಲ್ಲಿನ ಮಕ್ಕಳಿಗೆ ಕಂಪ್ಯೂಟರ್ ಕ್ಲಾಸು ಶುರು ಮಾಡಲು ಹೊರಟಿದ್ದಳು. ಅತ್ತೆ ಒಂದೇ ಮಾತು ಹೇಳಿದ್ದಳು. ಕ್ಲಾಸು ಶುರುವಾದರೆ ಸರಿ, ಇಲ್ಲದಿದ್ದರೆ ಮೆಸ್ಸಿಗೆ ಬಂದು ಕ್ಯಾಂಪಿನ ಗಂಡಾಳುಗಳಿಗೆಲ್ಲ ರೊಟ್ಟಿ ಬಡಿ! ಸುನೀತಾ ಕೂಡಿಸಿಟ್ಟ ದುಡ್ಡು ಹಳೇ ಕಂಪ್ಯೂಟರಿನ ಸುಂಕಕ್ಕೆ ಸರಿಹೋಗುತ್ತಿತ್ತು. ಅದರ ಮೇಲೆ ಒಂದು ಬಿಡಿಗಾಸು ಹೆಚ್ಚಾದರೂ ಅವಳ ಕೈಗೆ ರೊಟ್ಟಿ ಹಿಟ್ಟು ಗ್ಯಾರಂಟಿ.

"ಹೊಸಾದು ಅಂತ ಬರೆದ್ರೆ ಸುಂಕ ಮುಗಿಲು ಮುಟ್ಟುತ್ತೆ ಯಮ್ಮಾ! ಕಟ್ಟೋಳು ಯಾರು? ನಿಮ್ ಮಗಳು!"

ಕುಡುಗೋಲು ಸ್ವಲ್ಪ ಕೆಳಗಿಳಿಯಿತು. ನಾನು ಉಸಿರು ಬಿಟ್ಟೆ.

"ಹೋಗ್ಲಿ ಬಿಡು," ಅಂದಳು ಉಡಚಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಹಳೇವು ಆದ್ರೇನು, ಬರಿದು ಕಳಿಸಿಲ್ಲ ನಾನು."

"ಅಂದ್ರೆ?"

"ಎಂಟಕ್ಕೂ ಉಡಿ ತುಂಬೀನಿ."

ನನ್ನ ಕಿವಿ ಗುಂಯ್ ಅಂದಿತು.

"ಎಲ್ಲಿ ತುಂಬೀರಿ?"

"ಹೊಟ್ಟಿಯೊಳಗ! ಬದೀಗೆ ಒಂದು ಬಾಗಿಲು ಐತಲ್ಲ, ರೂಪಾಯಿ ಬಿಲ್ಲೆ ಹಾಕಿ ತಿರುವಿದ್ರ ಬಿಚ್ಚಿಕೊಂತು. ಒಳಗ ಎಷ್ಟು ಜಾಗ ಐತೋ ಮಾರಾಯ!"

ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಅಡಿಕೆ, ಕುಪ್ಪಸದ ಕಣ... ತವರಿನಿಂದ ಹೊರಡುವ ಮಗಳ ಸೆರಗಿಗೆ ಹಾಕುವ ಅಷ್ಟನ್ನೂ ಎಂಟು ಕಂಪ್ಯೂಟರಿನ ಹೊಟ್ಟೆಗೆ ಹಾಕಿ ಮುಚ್ಚಿದ್ದಳು! ಮಗಳ ಮನೆಗೆ ಹೋಗುವ ವಸ್ತು ಬರಿದಾಗಿ ಹೋಗಬಾರದಲ್ಲ!

'ಒಳಗೆ ಕಾಳು, ಬೀಜ, ತಿನ್ನುವ ಪದಾರ್ಥ ಯಾವುದೂ ಇಲ್ಲ' ಎಂದು ಸಹಿ ಹಾಕಿದ್ದವನು ನಾನು. ಅಲ್ಲಿನ ಬಂದರಿನಲ್ಲಿ ಒಂದು ಪೆಟ್ಟಿಗೆ ಬಿಚ್ಚಿದರೂ ಸಾಕು, ಎಂಟೂ ಜಪ್ತಿ! ಮೇಲೆ ದಂಡ! ಸುನೀತಾ ಸೀದಾ ಮೆಸ್ಸಿಗೆ!

"ಲಾರಿ ಎಲ್ಲಿ?" ಎಂದು ಕೂಗಿದೆ.

ಕಿಟಕಿಯಿಂದ ನೋಡಿದರೆ ರಸ್ತೆ ಖಾಲಿ. ಪೆಟ್ಟಿಗೆ ಹೇರಿಕೊಂಡು ಕೆಳಗೆ ನಿಂತಿದ್ದ ಲಾರಿ ಹೊರಟು ಹೋಗಿತ್ತು!

ಡ್ರೈವರ್ ಮಾಳಿಂಗಪ್ಪನಿಗೆ ಫೋನ್ ಹಚ್ಚಿದೆ. ಹದಡಿಯವನು, ಸಂಜೆಯೊಳಗೆ ಹುಬ್ಬಳ್ಳಿಯಲ್ಲಿ ಲೋಡು ಇಳಿಸಬೇಕಾದವನು. ಅಲ್ಲಿ ಕಂಟೇನರಿನ ಬಾಗಿಲು ಮುಚ್ಚಿಬಿಟ್ಟರೆ ಮುಂದಿನದು ಯಾವಾಗಲೋ ದೇವರೇ ಬಲ್ಲ.

"ಮಾಳಿಂಗಪ್ಪಾ! ಗಾಡಿ ನಿಲ್ಸು! ಆ ಎಂಟು ಪೆಟ್ಟಿಗೆ ಒಳಗೆ ಮಾಲು ಐತೆ! ಯಾರಿಗೂ ಹೇಳ್ಬ್ಯಾಡ!"

ಆ ಕಡೆ ಎಂಜಿನ್ನಿನ ಸದ್ದು ತಗ್ಗಿತು.

"ಮಾಲಾ?" ಅಂದ ಮಾಳಿಂಗಪ್ಪ. ದನಿ ಬದಲಾಗಿತ್ತು.

ಫೋನ್ ಕಟ್! ಮತ್ತೆ ಹಚ್ಚಿದೆ... ಸ್ವಿಚ್ ಆಫ್!

ನನ್ನ ತಲೆಯನ್ನು ನಾನೇ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬಜಾರಿನಲ್ಲಿ ಮೆಣಸಿನಕಾಯಿಯೂ ಮಾಲೇ, ಬಂಗಾರದ ಬಿಸ್ಕತ್ತೂ ಮಾಲೇ. ಯಾರಿಗೂ ಹೇಳಬೇಡ ಅಂದ ಮೇಲೆ ಮಾಳಿಂಗಪ್ಪನ ಕಿವಿಗೆ ಕೇಳಿಸಿದ್ದು ಯಾವ ಮಾಲು ಅಂತ ಬಿಡಿಸಿ ಹೇಳಬೇಕೆ?

"ಹತ್ರಿ ಯಮ್ಮಾ!"

ಸ್ಕೂಟರ್ ಹಾರಿತು. ಹಿಂದೆ ಉಡಚಮ್ಮ. ಅವಳ ಕೈಯಲ್ಲಿ ಕುಡುಗೋಲು, ಬಿಸಿಲಿಗೆ ಫಳಫಳ! ಸಿಟಿ ಬಸ್ಸಿನವನು ತಾನಾಗಿ ದಾರಿ ಬಿಟ್ಟ. ಸಿಗ್ನಲ್ಲಿನಲ್ಲಿ ನಿಂತಿದ್ದ ಪೊಲೀಸ್ ಹೆಲ್ಮೆಟ್ ಕೇಳಲು ಕೈ ಎತ್ತಿದವನು ಅದೇ ಕೈಯಲ್ಲಿ ಕೆನ್ನೆ ಕೆರೆದುಕೊಂಡ.

ದೊಡ್ಡಬಾತಿ ದಾಟುವಾಗ ಲಾರಿಯ ಬೆನ್ನು ಕಾಣಿಸಿತು!

ಹಾರ್ನ್ ಒತ್ತಿದೆ. ಅವನು ಇನ್ನೂ ಜೋರು ಮಾಡಿದ. ಎಡಕ್ಕೆ ನುಗ್ಗಿದೆ, ಎಡಕ್ಕೆ ಬಂದ. ಬಲಕ್ಕೆ ನುಗ್ಗಿದೆ, ಬಲಕ್ಕೆ ಬಂದ. ಮುಖದ ತುಂಬಾ ಧೂಳು!

"ಇನ್ನೊಂಚೂರು ಹತ್ರ ಹೋಗೋ ತಮ್ಮಾ," ಅಂದಳು ಉಡಚಮ್ಮ ನನ್ನ ಕಿವಿಯಲ್ಲಿ. "ಟಯರು ಕೊಯ್ತೀನಿ!"

"ಬ್ಯಾಡ್ರೀ!"

ಹರಿಹರ ಇನ್ನೇನು ಬಂತು ಅನ್ನುವಾಗ ಲಾರಿ ರಪ್ಪನೆ ತಿರುಗಿತು. ಲಾರಿ ತೂಗುವ ವೇಬ್ರಿಡ್ಜ್ ಹಿಂದಿನ ಯಾರ್ಡ್! ಬೇಲಿಯೊಳಗೆ ಹತ್ತಾರು ಲಾರಿ, ಹತ್ತಾರು ಡ್ರೈವರುಗಳು. ಹೆಂಗಸಿನ ನೆರಳೂ ಇಲ್ಲದ ಜಾಗ. ನಾನು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಮಾಳಿಂಗಪ್ಪ ಒಂದು ಪೆಟ್ಟಿಗೆ ಕೆಳಗಿಳಿಸಿ ಕಂಪ್ಯೂಟರ್ ಹೊರಗೆ ಎಳೆದಿದ್ದ. ಪಕ್ಕದಲ್ಲಿ ಯಾರ್ಡಿನ ಮೆಕ್ಯಾನಿಕ್ ಯೋಗರಾಜ್, ಕೈಯಲ್ಲಿ ಸ್ಕ್ರೂಡ್ರೈವರ್.

"ಅಲ್ಲೇ ನಿಲ್ಲೋ ಅಶ್ವಥ!" ಮಾಳಿಂಗಪ್ಪ ಜಾಕಿ ರಾಡು ಎತ್ತಿದ. "ಮುಂದ ಬಂದ್ರ ಮೊಣಕಾಲು ಮುರಿತೀನಿ! ಬಂಗಾರಾನಾ?"

"ಅಲ್ಲಪ್ಪಾ..."

"ಮತ್ತ ಇನ್ನೂ ಏನೋ ದೊಡ್ಡದು! ಫಿಫ್ಟಿ ಫಿಫ್ಟಿ!"

"ಪೂರ್ತಿ ನೀನೇ ತಗೋ! ಕಂಪ್ಯೂಟರ್ ಖಾಲಿ ಆದ್ರೆ ಸಾಕು ನನಗೆ!"

ಅವನ ಕಣ್ಣು ಕಿರಿದಾಯಿತು.

"ಪೂರ್ತಿ ಕೊಡ್ತಾನಂತೆ... ಇದರಾಗ ಏನೋ ಮಸಲತ್ತು ಐತೆ. ಬಿಚ್ಚೋ ಯೋಗರಾಜಾ!"

ಬದಿಯ ತಗಡು ಜಾರಿತು.

ಸುರ್ರನೆ ಅಕ್ಕಿ ಚೆಲ್ಲಿತು. ಅದರ ಹಿಂದೆ ಅರಿಶಿನದ ಕೊಂಬು. ಕೊಬ್ಬರಿ ಬಟ್ಟಲು. ಫ್ಯಾನಿಗೆ ಒತ್ತಿ ಮಡಚಿಟ್ಟ ಹಸಿರು ಕಣ. ಮದರ್‌ಬೋರ್ಡಿನ ಹಣೆಗೆ ಕುಂಕುಮ!

ಸುತ್ತಲಿನ ಡ್ರೈವರುಗಳು ಕತ್ತು ಚಾಚಿದರು.

ಯೋಗರಾಜ್ ಸ್ಕ್ರೂಡ್ರೈವರ್ ಕೆಳಗಿಟ್ಟ. ಚಪ್ಪಲಿ ಬಿಟ್ಟ. ಮಾಳಿಂಗಪ್ಪನ ಕೈಯಿಂದ ರಾಡು ಠಣ್ ಅಂತ ಬಿತ್ತು.

"ಯಪ್ಪಾ... ಉಡಿ! ಹೆಣ್ಮಗಳ ಉಡಿಗೆ ಕೈ ಹಾಕಿಬಿಟ್ನಲ್ಲೋ!"

ಪಟಪಟನೆ ಕೆನ್ನೆಗೆ ಬಡಿದುಕೊಂಡ. ಹಾಗೇ ಹಿಂದಕ್ಕೆ ಸರಿದು ಲಾರಿಯ ಚಕ್ರಕ್ಕೆ ಬೆನ್ನು ಹಚ್ಚಿ ನಿಂತ.

"ಸರಿ," ಅಂದೆ. "ತೆಗೀರಿ ಎಲ್ಲಾ. ಬೇಗ!"

ಒಬ್ಬನೂ ಮುಂದೆ ಬರಲಿಲ್ಲ. ಹೈವೇಯಲ್ಲಿ ಆರ್‌ಟಿಒಗೆ ಹೆದರದ ಗಂಡಸರು, ಗುಡ್ಡದಂಥ ಮೈಯವರು, ಒಂದು ಹಿಡಿ ಅಕ್ಕಿಯ ಮುಂದೆ ಕೈ ಕಟ್ಟಿ ನಿಂತಿದ್ದರು.

"ನೀವೇ ತೆಗೀರಿ ಯಮ್ಮಾ!"

"ಕೊಟ್ಟ ಉಡಿ ಕೊಟ್ಟಾಕಿನೇ ವಾಪಸ್ ತಗೊಂಡ್ರ ಮಗಳ ಬಾಳು ಬರಿದಾಗ್ತೈತಿ. ತಗೊಳ್ಳಾಕಿ ಬಂದು ಸೆರಗೊಡ್ಡಬೇಕು."

"ತಗೊಳ್ಳೋಳು ಟಾಂಜಾನಿಯಾದಲ್ಲಿ ಇದಾಳ್ರೀ!"

"ಹಂಗಾದ್ರ ಅಲ್ಲಿಗೇ ಹೋಗ್ಲಿ."

ಬಿಸಿಲು ಇಳಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಕಂಟೇನರ್ ಕಾಯುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನಲ್ಲಿ ಬಾಯಿ ಬಿಟ್ಟೆ... ಜೀವಮಾನದಲ್ಲೇ ಅಂಥ ತಪ್ಪು ಮಾಡಿರಲಿಲ್ಲ!

"ನೋಡ್ರೀ! ಈ ಪೆಟ್ಟಿಗೆಗಳಿಗೆ ಕಾನೂನು ಪ್ರಕಾರ ನಾನು ಏಜೆಂಟು! ಏಜೆಂಟು ಅಂದ್ರೆ ಗೊತ್ತೇನು? ಸುನೀತಾ ಬದಲಿಗೆ ಕೊಡೋನು ನಾನು, ತಗೊಳ್ಳೋನು ನಾನು! ನಾನು ಹೇಳ್ತಾ ಇದೀನಿ, ತೆಗೀರಿ!"

ಉಡಚಮ್ಮ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ನನ್ ಮಗಳ ಬದಲಿಗೆ ತಗೊಳ್ಳೋನು ನೀನಾ?"

"ನಾನೇ!"

"ಅವಳು ಒಪ್ಯಾಳಾ?"

"ಸಹಿ ಹಾಕಿ ಕೊಟ್ಟಾಳೆ!"

ಅಡಿಯಿಂದ ಮುಡಿಯವರೆಗೆ ನನ್ನನ್ನು ಅಳೆದಳು. ಕುಡುಗೋಲನ್ನು ನೆಲಕ್ಕಿಟ್ಟಳು.

"ಹಂಗಾದ್ರ ಕೂಡು. ಉಡಿ ಒಡ್ಡು."

ಓಡಲು ನೋಡಿದೆ. ಸುತ್ತ ಡ್ರೈವರುಗಳು ಗೋಡೆ ಕಟ್ಟಿ ನಿಂತಿದ್ದರು. ಮಾಳಿಂಗಪ್ಪ ಲಾರಿಯೊಳಗಿಂದ ಒಂದು ಮಡಿ ಟವೆಲ್ ತಂದು ನನ್ನ ಕೈಗಿಟ್ಟ.

"ಮೂಡಲಕ್ಕ ಮುಖ ಮಾಡ್ರಿ ಅಣ್ಣಾ," ಅಂದ ಯೋಗರಾಜ್, ತಗ್ಗಿದ ದನಿಯಲ್ಲಿ.

ಕೂತೆ. ಡೀಸೆಲ್ ಎಣ್ಣೆ ಚೆಲ್ಲಿದ ನೆಲದ ಮೇಲೆ, ಮೂಡಲಕ್ಕೆ ಮುಖ ಮಾಡಿ, ಎರಡೂ ಕೈಯಲ್ಲಿ ಟವೆಲ್ ಒಡ್ಡಿಕೊಂಡು. ದಾವಣಗೆರೆಯ ಅಶ್ವಥ್! ಯಾರಾದರೂ ನಕ್ಕಿದ್ದರೆ ಎದ್ದು ಎರಡು ಬಾರಿಸಬಹುದಿತ್ತು. ಯಾರೂ ನಗಲಿಲ್ಲ. ಅದೇ ಕಷ್ಟವಾಗಿತ್ತು!

ಉಡಚಮ್ಮ ನನ್ನ ಹಣೆಗೆ ಕುಂಕುಮ ಹಚ್ಚಿದಳು. ಮೊದಲ ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕಿ ಹಿಡಿ ಹಿಡಿಯಾಗಿ ಅಕ್ಕಿ ತೆಗೆದು ನನ್ನ ಉಡಿಗೆ ಹಾಕಿದಳು.

"ತಂಪಾಗಿರು ನನ್ನವ್ವಾ... ನಿನ್ನ ಮನಿ ತುಂಬಿರಲಿ..."

ಎರಡನೆಯದು. ಮೂರನೆಯದು. ಅಷ್ಟು ಹೊತ್ತಿಗೆ ಅವಳ ದನಿ ಒಡೆದಿತ್ತು. ನನ್ನ ಮುಖ ನೋಡುತ್ತಿದ್ದಳು, ಆದರೆ ನೋಡುತ್ತಿದ್ದುದು ನನ್ನನ್ನಲ್ಲ. ಮದುವೆಯಾಗಿ ಸಮುದ್ರ ದಾಟಿದ ಮಗಳು ಒಮ್ಮೆಯೂ ಬಂದಿರಲಿಲ್ಲ. ಅವಳ ಸೆರಗಿಗೆ ಹಾಕಬೇಕಾಗಿದ್ದನ್ನು ಈ ತಾಯಿ ತಗಡಿನ ಡಬ್ಬಿಗೆ ಹಾಕಿದ್ದಳು, ಈಗ ಮೀಸೆ ಇರುವವನ ಟವೆಲ್ಲಿಗೆ ಹಾಕುತ್ತಿದ್ದಳು. ಟವೆಲ್ಲನ್ನು ಇನ್ನಷ್ಟು ಅಗಲ ಮಾಡಿ ಹಿಡಿದೆ. ಹೇಳಿಕೊಳ್ಳಲು ನಾಚಿಕೆ, ಆದರೆ ಹಿಡಿದೆ ಸ್ವಾಮಿ! ಮಾಳಿಂಗಪ್ಪನಂತೂ ಲಾರಿಯ ಹಿಂದೆ ಹೋಗಿ ಮೂಗು ಸೀಟುತ್ತಿದ್ದ.

ಎಂಟೂ ಮುಗಿಯಿತು. ಯೋಗರಾಜ್ ಟಯರಿಗೆ ಗಾಳಿ ಹೊಡೆಯುವ ಪೈಪು ತಂದು ಎಂಟು ಹೊಟ್ಟೆಗೂ ಗಾಳಿ ಬಿಟ್ಟ. ಸಂದಿಯಲ್ಲಿದ್ದ ಕಾಳೂ ಹಾರಿ ಬಂತು. ಟವೆಲ್ಲಿನ ಗಂಟು ಮಗುವಿನಷ್ಟು ಭಾರವಾಗಿತ್ತು.

"ಬ್ಯಾರೆ ಯಾರಿಗೂ ಕೊಡಂಗಿಲ್ಲ," ಅಂದಳು ಉಡಚಮ್ಮ. "ನೀನೇ ಬೇಯಿಸಿ ಉಣ್ಣಬೇಕು."

ಲಾರಿ ಹೊರಟಿತು. ಕಂಟೇನರ್ ಸಿಕ್ಕಿತು. ನಾನು ದಿನಾ ಉಡಿಯ ಅಕ್ಕಿಯ ಅನ್ನ ಉಂಡೆ.

ಹಡಗು ಮುಟ್ಟಿದ ಮೇಲೆ ಸುನೀತಾ ಫೋನ್ ಮಾಡಿದಳು.

"ಅಶ್ವಥಣ್ಣಾ! ಬಂದರಿನಾಗ ಎಂಟನ್ನೂ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ್ರು! ಏನೂ ಸಿಗಲಿಲ್ಲ. ನೀವು ಹೇಳಿದ ಸುಂಕ ಅಷ್ಟೇ ಕಟ್ಟಿದೆ. ಕ್ಲಾಸು ಶುರುವಾತು!"

"ಮತ್ತೆ ಅತ್ತೆ?"

"ಮೊದಲನೇ ಬೆಂಚಿನಾಗ ಕುಂತಾರೆ. ಮೌಸ್ ಬಿಡವಲ್ರು!"

ನಕ್ಕೆ. ಅವಳು ನಗಲಿಲ್ಲ.

"ಅಣ್ಣಾ... ಅವರೆಲ್ಲ ಹೋದಮ್ಯಾಲೆ ನಾನೂ ಒಂದು ಸಲ ಬಿಚ್ಚಿ ನೋಡಿದೆ. ಅವ್ವ ಏನಾರ ಇಟ್ಟಿರ್ತಾಳೆ ಅಂದ್ಕಂಡಿದ್ದೆ. ಬರಿದು ಕಳಿಸ್ಯಾಳಲ್ಲ..."

"ಬರಿದು ಕಳಿಸಿಲ್ಲವ್ವಾ," ಅಂದೆ. "ಎಂಟಕ್ಕೂ ಉಡಿ ತುಂಬಿದ್ಲು. ನಿನ್ನ ಬದಲಿಗೆ ನಾನು ಒಡ್ಡಿ ತಗೊಂಡೀನಿ."

ಆ ಕಡೆ ಅಳುವೋ ನಗುವೋ ಗೊತ್ತಾಗಲಿಲ್ಲ. ಎರಡೂ ಇತ್ತು ಅನ್ನಿಸುತ್ತದೆ.

ವಿಷಯ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಮೊನ್ನೆ ಉಡಚಮ್ಮ ಮತ್ತೆ ಆಫೀಸಿನ ಮೆಟ್ಟಿಲು ಹತ್ತಿ ಬಂದಳು.

"ಪಂಚಮಿಗೆ ಕರಿಯಾಕ ಬರ್ತೀವಿ. ತಯಾರಾಗಿರು."

"ಯಾರನ್ನ?"

"ನಿನ್ನ. ಹೆಣ್ಮಕ್ಕಳನ್ನ ಪಂಚಮಿಗೆ ತವರಿಗೆ ಕರಿಬೇಕಲ್ಲ?"

"ಯಮ್ಮಾ, ನಾನು ಗಂಡಸು!"

"ಉಡಿ ತಗೊಂಡೀಯಲ್ಲ? ಈಗ ಮಾತು ಬದಲಿಸ್ತೀಯಾ?"

ಹಾಗಾಗಿ ದುಬೈಗೋ ಮಸ್ಕತ್ತಿಗೋ ನಿಮ್ಮ ಪೆಟ್ಟಿಗೆ ಏನೇ ಇದ್ದರೂ ಪಂಚಮಿ ಮುಗಿಸಿಕೊಂಡು ತನ್ನಿ. ಅಲ್ಲಿಯವರೆಗೆ ಆಫೀಸಿಗೆ ಬೀಗ... ಈ ಅಶ್ವಥ್ ತವರಿಗೆ ಹೋಗಿರುತ್ತಾನೆ!