ಹಿಂದಿನ ಬೆಂಚಿನ ಫೋನು

"ಫೋನ್ ಕೆಳಗಿಡ್ರಿ ಸರ!"

ಸೌಂದರ್ಯಳ ದನಿಗೆ ಸಿರುಗುಪ್ಪದ ಆ ಡಿಗ್ರಿ ಕಾಲೇಜಿನ ಕಂಪ್ಯೂಟರ್ ಕೋಣೆ ಗಪ್‌ಚಿಪ್ ಆಯಿತು. ದಿನಾ ಪಾಠ ಹೇಳುವ ಉಪನ್ಯಾಸಕರೆಲ್ಲ ಅಂದು ಬೆಂಚಿನ ಮೇಲೆ ಕೂತಿದ್ದರು. ಆನ್‌ಲೈನಿನಲ್ಲಿ ಪಾಠ ಹಾಕುವುದು, ಅಸೈನ್‌ಮೆಂಟ್ ತಿದ್ದುವುದು, ಇಂಟರ್ನಲ್ ಅಂಕ ತುಂಬುವುದು... ಇದನ್ನೆಲ್ಲ ಅವರಿಗೆ ಕಲಿಸಲು ಕಾಲೇಜು ನಡೆಸುವ ಸಂಸ್ಥೆಯ ಬಳ್ಳಾರಿ ಕಚೇರಿಯಿಂದ ಬಂದವಳು ಅವಳು.

ಹಿಂದಿನ ಬೆಂಚಿನ ಗಡ್ಡದವನು ತಲೆ ಎತ್ತಿದ.

"ನನಗೇನ್ರಿ?"

"ನಿಮಗೇ! ನಿಮ್ಮ ಹುಡುಗ್ರು ಕ್ಲಾಸಿನ್ಯಾಗ ಹಿಂಗ ಫೋನ್ ಒತ್ಕೋಂತ ಕುಂತ್ರ ಬಿಡ್ತೀರೇನು?"

"ಪಾಠ ಚಲೋ ಇದ್ರ ಅವರು ಒತ್ತಂಗಿಲ್ಲ ಬಿಡ್ರಿ, ಮೇಡಂ."

ಕೋಣೆಗೆ ಕೋಣೆಯೇ ನಕ್ಕಿತು. ಸೌಂದರ್ಯಳ ಕಿವಿ ಬಿಸಿಯಾಯಿತು. ಸಿಟ್ಟು ಬಂದಿತ್ತು, ನಿಜ. ಆದರೆ ಆ ಕಣ್ಣುಗಳನ್ನು ಇನ್ನೊಮ್ಮೆ ನೋಡಬೇಕು ಅನ್ನಿಸಿತಲ್ಲ, ಆ ಸಿಟ್ಟು ಅವಳಿಗೆ ತನ್ನ ಮೇಲೆಯೇ ಬಂದದ್ದು!

ಅವನ ಹೆಸರು ಹಂಪೇಶ್. ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಅವನ ಪಕ್ಕದಲ್ಲಿ ಸದಾ ಇತಿಹಾಸದ ಹಿರಿಯ ಮೇಷ್ಟ್ರು ಚಿದಾನಂದಪ್ಪ ಕೂರುತ್ತಿದ್ದರು. ಅವಳು ಏನು ಹೇಳಿಕೊಟ್ಟರೂ ಮೊದಲು ಮುಗಿಸುತ್ತಿದ್ದವರು ಆ ಮೇಷ್ಟ್ರೇ. ಅವಳ ಪರದೆಯ ಮೇಲೆ ಅವರ ಹೆಸರಿನ ಮುಂದೆ ಹಸಿರು ಗುರುತು ಪಟಪಟನೆ ಮೂಡುತ್ತಿತ್ತು. ಹಂಪೇಶನ ಹೆಸರಿನ ಮುಂದೆ? ಏನೂ ಇಲ್ಲ! ಅವನ ಕಂಪ್ಯೂಟರ್ ಹಾಗೇ ಕೂತಿರುತ್ತಿತ್ತು, ಅವನು ಫೋನು ಒತ್ತುತ್ತಲೇ ಇರುತ್ತಿದ್ದ.

'ಹಿರಿಯರಿಗೆ ಇರೋ ಆಸಕ್ತಿ ಇವನಿಗಿಲ್ಲವಲ್ಲ...'

ಹಾಗಂತ ಅವನು ಕೆಟ್ಟವನೇನೂ ಅಲ್ಲ. ಬಿಡುವಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಪ್ಲೇಟು ತಂದು ಅವಳ ಮುಂದಿಡುತ್ತಿದ್ದ. ಒಂದು ಸಂಜೆ ಬಳ್ಳಾರಿ ಬಸ್ಸು ಕಣ್ಣೆದುರೇ ಹೊರಟಾಗ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬೆನ್ನಟ್ಟಿ, ದೇಶನೂರಿನ ಭತ್ತದ ಗದ್ದೆಗಳ ಬಳಿ ಅಡ್ಡ ಹಾಕಿ ಹತ್ತಿಸಿದ್ದ.

"ಮುಂದಿನ ವಾರ ಬರ್ತೀರಲ್ಲ?" ಎಂದು ಕಿಟಕಿಯ ಹತ್ತಿರ ಬಂದು ಕೇಳಿದ್ದ.

"ನೀವು ಕಲಿಯಾಕ ತಯಾರಿದ್ರ ಬರ್ತೀನಿ!"

ಬಳ್ಳಾರಿ ಬರುವವರೆಗೂ ಅವಳು ಒಬ್ಬಳೇ ನಗುತ್ತಿದ್ದಳು. ಪಕ್ಕದ ಸೀಟಿನ ಅಜ್ಜಿ ಎರಡು ಸಲ ತಿರುಗಿ ನೋಡಿದರೂ ಅವಳಿಗೆ ಖಬರಿಲ್ಲ.

ಆ ನಗುವೇ ಮುಂದೆ ಅವಳನ್ನು ಹೆದರಿಸಿತು. ತರಬೇತಿ ಮುಗಿದ ಮೇಲೆ ಯಾರು ಕಲಿತರು, ಯಾರು ಕಲಿಯಲಿಲ್ಲ ಎಂದು ವರದಿ ಕೊಡಬೇಕಿತ್ತು. ಕಲಿಯದ ಹಿರಿಯರನ್ನು ತರಗತಿಯಿಂದ ತೆಗೆದು ಲೈಬ್ರರಿಗೆ ಹಾಕುವುದು, ಅತಿಥಿ ಉಪನ್ಯಾಸಕರ ಪಿರಿಯಡ್ ಕಡಿಮೆ ಮಾಡುವುದು ಸಂಸ್ಥೆಯ ಹೊಸ ನಿಯಮ. ಹಂಪೇಶನ ಹೆಸರು ಬಂದಾಗ ಅವಳ ಬೆರಳು ನಿಂತಿತು.

'ಮನಸ್ಸಿಗೆ ಹಿಡಿಸಿದವನು ಅಂತ ಬಿಟ್ಟುಬಿಡಲೇ? ಆಗ ಉಳಿದವರಿಗೆ ಮೋಸ ಮಾಡಿದ ಹಾಗಲ್ಲವೇ?'

ಹಲ್ಲು ಕಚ್ಚಿ ಬರೆದಳು: 'ಸಹಕರಿಸುತ್ತಿಲ್ಲ.'

ವಾರ ಕಳೆಯುವುದರೊಳಗೆ ಹಂಪೇಶನನ್ನು ಅದೇ ಸಂಸ್ಥೆಯ ಕುರುಗೋಡಿನ ಕಾಲೇಜಿಗೆ ಕಳಿಸಿದರು. ಅಲ್ಲಿ ಅವನಿಗೆ ಬೆರಳೆಣಿಕೆಯ ಪಿರಿಯಡ್, ಮುಂದಿನ ವರ್ಷ ಅದೂ ಇಲ್ಲ. ಅವಳು ಫೋನ್ ಮಾಡಿದರೆ ಎತ್ತಲಿಲ್ಲ. ಎತ್ತಿದ್ದರೂ ಏನು ಹೇಳುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ.

ಅಂಕ ತುಂಬುವ ಕೆಲಸ ನೋಡಲು ಮತ್ತೆ ಸಿರುಗುಪ್ಪಕ್ಕೆ ಹೋದ ದಿನ ಸೌಂದರ್ಯ ಎಲ್ಲರೆದುರು ಕರೆದಳು. "ಚಿದಾನಂದಪ್ಪ ಸರ, ಬರ್ರಿ. ಅಂಕ ತುಂಬೋದು ಹೆಂಗ ಅಂತ ನೀವೇ ತೋರಿಸ್ರಿ."

ಮೇಷ್ಟ್ರು ಎದ್ದು ಬಂದರು. ಮೌಸ್ ಹಿಡಿದರು. ಬಾಣದ ಗುರುತು ಪರದೆಯ ಮೇಲೆ ದಾರಿ ತಪ್ಪಿದಂತೆ ಅಲೆದಾಡಿತು. ಅವರ ಹಣೆ ಬೆವರಿತು.

ಸೌಂದರ್ಯ ಹತ್ತಿರ ಬಂದು ನೋಡಿದಳು. ಅವರು ಪರದೆ ನೋಡುತ್ತಿರಲಿಲ್ಲ. ಅವರಿಗೆ ಪರದೆ ಕಾಣುತ್ತಲೇ ಇರಲಿಲ್ಲ!

"ಕರೆಂಟ್ ತೊಂದರಿ ಐತೇನೋ, ಆಮ್ಯಾಲೆ ಮಾಡೋಣು" ಎಂದು ಕಂಪ್ಯೂಟರ್ ಆರಿಸಿ, ಎಲ್ಲರನ್ನೂ ಚಹಾಕ್ಕೆ ಕಳಿಸಿದಳು.

"ಕಣ್ಣಾಗ ಪೊರಿ ಬಂದೈತಮ್ಮ" ಅಂದರು ಮೇಷ್ಟ್ರು, ಕೋಣೆ ಖಾಲಿಯಾದ ಮೇಲೆ. "ಶುಗರ್ ಇಳೀಲಿ, ಆಮ್ಯಾಲೆ ಆಪರೇಷನ್ ಅಂದಾರ. ರಿಟೈರ್ ಆಗಾಕ ಒಂದು ವರ್ಷ ಉಳದೈತಿ. ಕ್ಲಾಸ್ ಬಿಟ್ಟು ಲೈಬ್ರರಿ ಮೂಲ್ಯಾಗ ಕೂಡು ಅಂದ್ರ ನನ್ನ ಜೀವ ಒಪ್ಪಂಗಿಲ್ಲ."

"ಮತ್ತ... ಆ ಹಸಿರು ಗುರುತು? ನಿಮ್ಮ ಹೆಸರಿಲೆ ಬರ್ತಿತ್ತಲ್ಲ?"

"ನನ್ನ ಪಾಸ್‌ವರ್ಡ್ ಹಂಪೇಶಗ ಕೊಟ್ಟಿದ್ದೆ. ನೀನು ಹೇಳಿದ್ದೆಲ್ಲಾ ಅವನೇ ಫೋನಿನ್ಯಾಗ ನನ್ನ ಹೆಸರಿಲೆ ಮಾಡ್ತಿದ್ದ. ಅದರಾಗ ತಂದು ಮಾಡಾಕ ಅವಗ ಹೊತ್ತೇ ಸಿಗಲಿಲ್ಲ. ನನ್ನ ಸಲುವಾಗಿ ಹುಡುಗನ ಅನ್ನಕ್ಕ ಕಲ್ಲು ಬಿತ್ತು, ತಾಯಿ! ಯಾರಿಗೂ ಹೇಳಬ್ಯಾಡ್ರಿ ಅಂತ ನನ್ನ ಕಡಿಂದ ಮಾತು ತಗೊಂಡು ಹೋಗ್ಯಾನ."

ಸೌಂದರ್ಯ ಕುರ್ಚಿ ಎಳೆದು ಕೂತಳು. ಅವನು ಫೋನಿನಲ್ಲಿ ಮಾಡುತ್ತಿದ್ದದ್ದು ಅವಳ ಪಾಠವನ್ನೇ! ಒಂದಕ್ಷರ ಬಿಡದೆ ಕೇಳಿ, ಬೇರೆಯವರ ಹೆಸರಿಗೆ ಹಸಿರು ಗುರುತು ಕೊಡಿಸಿದ್ದ. ಅವಳು ಪರದೆ ನಂಬಿದಳು, ಅವನನ್ನು ಒಂದು ಮಾತೂ ಕೇಳಲಿಲ್ಲ.

ಅಳು ಉಕ್ಕಿ ಬಂತು. ಆದರೆ ಅಳುತ್ತಾ ಕೂರುವವರ ಪೈಕಿ ಅಲ್ಲ ಅವಳು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಎದ್ದಳು.

"ಸರ, ಕಿವಿ ಚುರುಕದಾವೇನು?"

"ಹುಡುಗ್ರು ಪಿಸುಗುಟ್ಟಿದ್ದೂ ಕೇಳ್ತೈತಿ. ಉತ್ತರಾನೂ ಅವರ ಕಡಿಂದ ಓದಿಸೇ ಅಂಕ ಹಾಕ್ತೀನಿ."

"ಹಂಗಾರ ಸಾಕು. ನಿಮಗ ನಾನು ಕಲಿಸ್ತೀನಿ. ಇನ್ನ ಯಾರ ಕೈಗೂ ಪಾಸ್‌ವರ್ಡ್ ಕೊಡೂ ಹಂಗಿಲ್ಲ!"

ಮೇಷ್ಟ್ರ ಒಪ್ಪಿಗೆ ಪಡೆದು, ಮರುದಿನವೇ ಬಳ್ಳಾರಿ ಕಚೇರಿಯಲ್ಲಿ ಅಧಿಕಾರಿ ಮೈಲಾರಲಿಂಗಪ್ಪನವರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು.

"ನಿಮ್ಮ ವರದಿ ತಪ್ಪು ಅಂತ ನೀವೇ ಅಂತೀರಿ. ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲಮ್ಮ, ನೆನಪೈತೇನು?"

"ಐತ್ರಿ ಸರ. ಆದ್ರೂ ತಪ್ಪು ತಪ್ಪೇ."

ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಅಂಕ ತುಂಬಾಕ ಶನಿವಾರ ಕಡೀ ದಿನ. ಚಿದಾನಂದಪ್ಪನವರು ನನ್ನ ಮುಂದ ತಾವೇ ತುಂಬಿ ತೋರಿಸ್ಲಿ. ಅದಾತಂದ್ರ ಹಂಪೇಶ ವಾಪಸ್ ಸಿರುಗುಪ್ಪಕ್ಕ. ಆಗದಿದ್ರ, ಮೇಷ್ಟ್ರು ಲೈಬ್ರರಿಗೆ, ನೀವು ಮನಿಗೆ."

"ಆಗಲಿ ಸರ!"

ಅಂದಿನಿಂದ ಅವಳು ದಿನಾ ಸಿರುಗುಪ್ಪದ ಮೊದಲ ಬಸ್ಸು ಹಿಡಿದಳು. ಮೇಷ್ಟ್ರಿಗೆ ದನಿಯಿಂದಲೇ ಕೆಲಸ ಮಾಡುವುದು ಕಲಿಸಿದಳು: ಫೋನು ವಿದ್ಯಾರ್ಥಿಯ ಹೆಸರು ಓದಿ ಹೇಳಬೇಕು, ಮೇಷ್ಟ್ರು ಬಾಯಲ್ಲೇ ಅಂಕ ಹೇಳಬೇಕು, ಫೋನು ಅದನ್ನು ಮತ್ತೆ ಓದಿ ಒಪ್ಪಿಸಬೇಕು. ಮೊದಲ ದಿನ ಮೇಷ್ಟ್ರು ಫೋನಿಗೇ ಗದರಿದರು. ಎರಡನೇ ದಿನ ಸಾಕು ಬಿಡು ತಾಯಿ ಅಂದರು. ಅವಳು ಬಿಡಲಿಲ್ಲ.

"ಹಂಪೇಶ್ ನಿಮ್ಮ ಸಲುವಾಗಿ ಸುಮ್ಮನಿದ್ರು. ನೀವು ಅವರ ಸಲುವಾಗಿ ಮಾತಾಡ್ರಿ, ಸರ!"

ಶನಿವಾರ ಮೈಲಾರಲಿಂಗಪ್ಪ ಖುದ್ದು ಬಂದು ಕೂತರು. ಮೇಷ್ಟ್ರ ದನಿ ಮೊದಲು ನಡುಗಿತು, ಆಮೇಲೆ ತರಗತಿಯಲ್ಲಿ ಹಾಜರಿ ಕೂಗುವ ಗತ್ತು ಬಂತು. ಕೊನೆಯ ಹೆಸರಿನ ಮುಂದೆ ಹಸಿರು ಗುರುತು ಮೂಡಿದಾಗ ಸೌಂದರ್ಯ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಮೈಲಾರಲಿಂಗಪ್ಪ ಅಲ್ಲೇ ಆದೇಶಕ್ಕೆ ಸಹಿ ಹಾಕಿದರು.

ಸೋಮವಾರ ಆದೇಶದ ಪ್ರತಿ ಹಿಡಿದು ಅವಳು ಕುರುಗೋಡಿಗೆ ಹೋದಳು. ಬೆಟ್ಟದ ಬಂಡೆಗಳ ಕೆಳಗಿನ ಕಾಲೇಜು. ಹಂಪೇಶ್ ಜಗಲಿಯ ಮೇಲೆ ಒಬ್ಬನೇ ಕೂತಿದ್ದ.

"ವರದಿ ಬರಿಯಾಕ ಬಂದ್ರೇನು ಮೇಡಂ?"

ಅವಳು ಕಾಗದ ಮುಂದೆ ಹಿಡಿದಳು. ಅವನು ಓದಿದ. ಎರಡನೇ ಸಲ ಓದಿದ.

"ಮೇಷ್ಟ್ರು... ತಾವೇ ತುಂಬಿದ್ರಾ?"

"ಫೋನಿಗೆ ಬೈದು ಬೈದು ತುಂಬಿದ್ರು."

ಅವನಿಗೆ ನಗು ಬಂತು, ಆದರೆ ನುಂಗಿಕೊಂಡ. "ನನ್ನ ಸಿಟ್ಟು ಇಲ್ಲಿಗೆ ಹಾಕಿದ್ದಕ್ಕಲ್ರಿ. ಒಂದು ಮಾತು ನನ್ನ ಕೇಳಬಹುದಿತ್ತಲ್ಲ?"

"ಕೇಳಾಕ ಹೆದರಿಕಿ ಆಗಿತ್ತು."

"ನನ್ನ ಕಂಡ್ರ ಹೆದರಿಕೀನಾ?"

"ನಿಮ್ಮನ್ನಲ್ಲ! ನೀವು ಏನು ಹೇಳಿದ್ರೂ ನಂಬಿಬಿಡ್ತೀನಿ ಅಂತ... ಅಷ್ಟು ಮನಸ್ಸು ನಿಮ್ಮ ಕಡಿ ಹೋಗಿತ್ತು. ಅದಕ್ಕ ಎಲ್ಲಾರಿಗಿಂತ ನಿಮ್ಮ ಮ್ಯಾಲೇ ಗಟ್ಟಿ ಆದೆ. ತಪ್ಪಾತು, ಹಂಪೇಶ್."

ಅವನ ಫೋನು ರಿಂಗಾಯಿತು. ಚಿದಾನಂದಪ್ಪ ಮೇಷ್ಟ್ರದೇ ಕರೆ. ಅವನು ಅದನ್ನು ಮೆಲ್ಲಗೆ ಮಗುಚಿ ಜಗಲಿಯ ಮೇಲಿಟ್ಟ.

"ಅವತ್ತು ಹೇಳಿದ್ರಲ್ಲ, ಫೋನ್ ಕೆಳಗಿಡ್ರಿ ಅಂತ? ಇಟ್ಟೆ ನೋಡ್ರಿ. ಈಗ ಹೇಳ್ರಿ, ಮೇಡಂ."

"ಮೇಡಂ ಬ್ಯಾಡ."

"ಹೇಳು, ಸೌಂದರ್ಯಾ."

ತನ್ನ ಹೆಸರು ಇಷ್ಟು ಚಂದ ಇದೆಯೆಂದು ಅವಳಿಗೆ ಇವತ್ತೇ ಗೊತ್ತಾಗಿದ್ದು! ಕಣ್ಣೀರು ಕೆನ್ನೆಗಿಳಿದರೂ ಗಲ್ಲ ಎತ್ತಿಯೇ ಹೇಳಿದಳು.

"ನೀವು ಬೇಕು ನನಗ. ಅಪ್ಪನ ಮುಂದ ಹೇಳಾಕ ನಾನು ತಯಾರ ಅದೀನಿ. ಬಳ್ಳಾರಿಗೆ ನಮ್ಮ ಮನಿಗೆ ಬರಾಕ ನಿಮಗ ಧೈರ್ಯ ಐತೇನು?"

ಹಂಪೇಶ್ ಎದ್ದು ನಿಂತ. ಅವಳ ಹೆಗಲಿನ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

"ಬಸ್ಸು ಎಷ್ಟೊತ್ತಿಗೈತಿ?"