ಶುಕ್ರವಾರದ ಏಳನೆಯದು

ಲೋರ್ನಾ ಹಾವ್ಲಿಕ್‌ಗೆ "ಇಲ್ಲಿ ನೋಡು" ಎಂದು ಕರೆದು ತೋರಿಸಲು ಯಾರೂ ಇರಲಿಲ್ಲ.

ತೋರಿಸುವುದಕ್ಕೆ ಬೇಕಾದಷ್ಟಿತ್ತು. ಹಳೆಯ ಪುಸ್ತಕಗಳ ಅಂಚಿನಲ್ಲಿ ಯಾರೋ ಗೀಚಿದ ಬೆಕ್ಕುಗಳು, ಯಾವುದೋ ಸಣ್ಣ ಊರಿನ ಮ್ಯೂಸಿಯಂ ಅಂತರ್ಜಾಲಕ್ಕೆ ಏರಿಸಿದ ಅಂಗಿ ಗುಂಡಿಗಳ ಚಿತ್ರಗಳು, ಮೌಸ್ ಆಡಿಸಿದರೆ ಕಣ್ಣು ಹೊರಳಿಸುವ ಗೂಬೆ. ಅಮೆರಿಕದ ಡುಲೂತ್ ಎಂಬ ಊರಿನಲ್ಲಿ, ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಅವಳ ಕೆಲಸ. ದಿನವಿಡೀ ಬೇರೆಯವರ ಮದುವೆ ಫೋಟೋಗಳಿಗೆ ಗಾಜು ಕತ್ತರಿಸಿ, ಮನೆಗೆ ಬಂದು ಒಬ್ಬಳೇ ಸೂಪು ಕುಡಿದು ಕಂಪ್ಯೂಟರ್ ಮುಂದೆ ಕೂರುವಳು. ವಯಸ್ಸು ಮೂವತ್ತಾರು.

ಬ್ಲಾಗ್ ಶುರುವಾದದ್ದು ಹಾಗೆ. ಪ್ರತಿ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಏಳು ಮೆಚ್ಚಿನ ಸಂಗತಿಗಳು. ಆರಲ್ಲ, ಎಂಟಲ್ಲ. ಪ್ರತಿಯೊಂದರ ಕೆಳಗೂ ಅದನ್ನು ತೋರಿಸಿಕೊಟ್ಟವರ ಹೆಸರು. ಹೆಸರು ಹಾಕದೆ ಹಂಚುವವರನ್ನು ಇಂಥ ಬ್ಲಾಗ್ ಬರೆಯುವವರ ಬಳಗದಲ್ಲಿ ಕಳ್ಳರೆಂದೇ ಕರೆಯುತ್ತಿದ್ದರು. ನಾಲ್ಕು ವರ್ಷಗಳಲ್ಲಿ ಎರಡು ಸಾವಿರ ಓದುಗರಾದರು. ಅವರಲ್ಲಿ ಒಬ್ಬರೂ ಅವಳ ಬಾಗಿಲು ತಟ್ಟಿದವರಲ್ಲ.

ಆರ್ವಿಡ್ ಲಾಹ್ಟಿ ಬಂದದ್ದು ತಪ್ಪು ತಿದ್ದಲು. ರಸ್ತೆಯ ಮೇಲೆ ಬಳುಕಿದ ಹಳದಿ ಗೆರೆಯೊಂದರ ಫೋಟೋ ಹಾಕಿ, "ಹೆಸರು ಹೇಳದ ಕಲಾವಿದನ ಕೃತಿ" ಎಂದು ಬರೆದಿದ್ದಳು. ಕೆಳಗೆ ಅವನ ಉತ್ತರ ಬಂತು: "ಅದು ಕಲೆಯಲ್ಲ. ಬಣ್ಣದ ಯಂತ್ರದ ಮೂತಿ ಕಟ್ಟಿಕೊಂಡಿತ್ತು. ಗೆರೆ ನನ್ನದು. ಮೇಲಧಿಕಾರಿಗೆ ದಯವಿಟ್ಟು ತೋರಿಸಬೇಡಿ."

ಅವನು ಹೌಟನ್‌ನವನು. ಬೇಸಿಗೆಯಲ್ಲಿ ರಸ್ತೆಗೆ ಗೆರೆ ಹಾಕುವುದು, ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಓಡಿಸುವುದು. ಕಾಗದಗಳಾದವು, ಫೋನಾಯಿತು. ಕೊನೆಗೆ ಎರಡೂ ಊರುಗಳ ನಡುವಿನ ಆಶ್‌ಲ್ಯಾಂಡಿನ ಹೋಟೆಲಿನಲ್ಲಿ ಭಾನುವಾರಗಳು.

"ಪೈ ತಣ್ಣಗಾಗ್ತಿದೆ," ಎಂದ ಆರ್ವಿಡ್, ನಾಲ್ಕನೆಯ ಭಾನುವಾರ.

ಲೋರ್ನಾ ಹಣ್ಣು ತುಂಬಿ ಬೇಯಿಸಿದ ಆ ಪೈನ ಫೋಟೋ ತೆಗೆಯುತ್ತಿದ್ದಳು. "ಒಂದೇ ನಿಮಿಷ ತಡಿ. ಮೇಲಿನ ಹಿಟ್ಟಿನ ಪದರ ಬಿರುಕು ಬಿಟ್ಟಿರೋದು ನೋಡು, ಭೂಪಟದ ಥರ ಇಲ್ವಾ?"

"ಶುಕ್ರವಾರಕ್ಕಾ?"

"ಚೆನ್ನಾಗಿ ಬಂದ್ರೆ."

"ನನ್ನನ್ನ ಯಾವ ಶುಕ್ರವಾರಕ್ಕೆ ಎತ್ತಿಟ್ಟಿದ್ದೀಯ?"

ಅವಳು ತಲೆಯೆತ್ತಿದಳು. ಅವನು ಚಮಚ ನೋಡುತ್ತಿದ್ದ, ಕಿವಿಗಳು ಕೆಂಪಾಗಿದ್ದವು. ಉಗುರಿನ ಸಂದಿಯಲ್ಲಿ ಬೇಸಿಗೆಯ ಹಳದಿ ಇನ್ನೂ ಉಳಿದಿತ್ತು. ಆ ಬೆರಳು ಹಿಡಿದು ನೋಡಬೇಕೆನಿಸಿತು. ಹಿಡಿಯಲಿಲ್ಲ.

"ನೀನು ಬ್ಲಾಗಿನಲ್ಲಿ ಹಿಡಿಯಲ್ಲಪ್ಪ. ಉದ್ದ ಜಾಸ್ತಿ."

ಅವನು ನಕ್ಕ. ಆಮೇಲೆ ಕೇಳಿದ: "ಯಾರಿಗೂ ತೋರಿಸದೆ ನಿನ್ನ ಹತ್ರಾನೇ ಇಟ್ಕೊಂಡಿರೋದು ಏನಾದ್ರೂ ಇದೆಯಾ?"

ಎಷ್ಟು ಯೋಚಿಸಿದರೂ ಒಂದೂ ಹೊಳೆಯಲಿಲ್ಲ. ತೋರಿಸದೆ ಇಟ್ಟದ್ದು ಇದ್ದೂ ಇಲ್ಲದಂತೆ ಎಂದೇ ಅವಳು ಬದುಕಿದ್ದಳು. ಅವನು ಚಮಚದಿಂದ ಪೈನ ಮೇಲೊಂದು ಏಟು ಹಾಕಿದ. ಭೂಪಟ ಪುಡಿಯಾಯಿತು.

"ಹೋಯ್ತು ನೋಡು. ಇನ್ನು ಇದು ನಮ್ಮಿಬ್ಬರದೇ. ತಿನ್ನು."

ಫೆಬ್ರವರಿಯ ಒಂದು ಶುಕ್ರವಾರ ಲೋರ್ನಾಳ ಬಳಿ ಆರೇ ಇದ್ದವು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಳು, ಹನ್ನೆರಡಾಗಲು ಹತ್ತು ನಿಮಿಷ. ಆಗ ಆರ್ವಿಡ್‌ನಿಂದ ಒಂದು ಇಮೇಲ್ ಬಂತು. ಒಂದು ಪುಟದ ವಿಳಾಸ ಬಿಟ್ಟರೆ ಬೇರೇನೂ ಇರಲಿಲ್ಲ.

ತೆರೆದರೆ ಬರೀ ಬಿಳಿ, ಮೂಲೆಯಲ್ಲೊಂದು ಪುಟ್ಟ ಹಳದಿ ಲಾರಿ. ಮೌಸ್ ಸರಿಸಿದಂತೆ ಲಾರಿ ಹಿಮ ತಳ್ಳಿಕೊಂಡು ಹೊರಟಿತು. ಅಡಿಯಿಂದ ಹೌಟನ್‌ನ ಹೆದ್ದಾರಿ ಎದ್ದು ಬಂತು. ಪಕ್ಕದಲ್ಲಿ ಚುಕ್ಕೆಗಳಲ್ಲಿ ಬರೆದ ಕಾಗೆ, ಬಾಗಿದ ಅಂಚೆ ಡಬ್ಬಿ, ಒಂಟಿ ಕೈಗವಸು. ಲೋರ್ನಾ ಒಬ್ಬಳೇ ಜೋರಾಗಿ ನಕ್ಕಳು. ಒಂಬತ್ತು ಚಿತ್ರ ನೋಡುವಷ್ಟರಲ್ಲಿ ಅಂಗಡಿಯ ಯಜಮಾನಿ ಬರ್ನಡೀನ್ ಹೊರಗಿನಿಂದ ಕೂಗಿದಳು: "ಗಿರಾಕಿ ಬಂದಿದಾರೆ ಕಣೇ!"

ಲೋರ್ನಾ ಅವಸರದಲ್ಲಿ ಬರೆದಳು. "ಏಳನೆಯದು: ಹಿಮ ತಳ್ಳಿ ನೋಡಿ. ತೋರಿಸಿದವರು: ಆರ್ವಿಡ್ ಲಾಹ್ಟಿ, ಹೌಟನ್." ಗುಂಡಿ ಒತ್ತಿದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ಕಾಲಿಡುತ್ತಿದ್ದಂತೆ ಬರ್ನಡೀನ್ ಎರಡೂ ಕೈ ಹಿಡಿದುಕೊಂಡಳು.

"ಏನೇ ಕಳ್ಳಿ, ಏನು ಉತ್ತರ ಕೊಟ್ಟೆ?"

"ಯಾರಿಗೆ?"

"ಯಾರಿಗೆ ಅಂತೆ! ನಿನ್ನ ಬ್ಲಾಗಿಗೆ ಹಾಕಿದ್ಯಲ್ಲ, ಆ ಲಾರೀನ ನಾನು ಆಶ್‌ಲ್ಯಾಂಡ್ ದಾಟಿಸಿದೆ ಕಣೇ. ಅಲ್ಲಿಂದಾಚೆ ಎಲ್ಲಾ ನೀನೇ. ನಿನ್ನ ಹಸಿರು ಥರ್ಮಾಸು, ನಿನ್ನ ಕಾರಿನ ಸೊಟ್ಟ ಬಂಪರು, ಆಮೇಲೆ ನಮ್ಮ ಅಂಗಡಿ. ಬಾಗಿಲಲ್ಲಿ ನಾನೂ ಇದ್ದೆ, ಸೊಂಟ ಮಾತ್ರ ಸ್ವಲ್ಪ ದಪ್ಪ ಬರೆದುಬಿಟ್ಟಿದಾನೆ. ಕೊನೇಲಿ, 'ಲೋರ್ನಾ, ನನ್ನ ಜೊತೆ ಇರೋಕೆ ಬರ್ತೀಯಾ?' ಅಂತ. ಕೆಳಗೆ 'ಹೂಂ' ಅಂತ ಒಂದೇ ಗುಂಡಿ. ನಾನಂತೂ ಒತ್ತಿಬಿಟ್ಟೆ!"

ಲೋರ್ನಾ ಕೋಟು ಬಿಚ್ಚದೆಯೇ ಕಂಪ್ಯೂಟರ್ ತೆರೆದಳು. ಬ್ಲಾಗಿನ ಕೆಳಗೆ ನೂರಾರು ಅಭಿನಂದನೆಗಳು, ತಮಾಷೆಗಳು, ಅವನ ಊರಿನವರ ಕೇಕೆಗಳು. ಏಳನೆಯದನ್ನು ಒತ್ತಿದಳು. ಪುಟ ಇರಲಿಲ್ಲ.

ಆರ್ವಿಡ್‌ಗೆ ಫೋನ್ ಮಾಡಿದಳು.

"ಆರ್ವಿಡ್, ನಾನು..."

"ಕೊನೇವರೆಗೂ ಹೋಗಿದ್ಯಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದಳು. "ಏಳನೇದು ಬೇಕಿತ್ತು. ಟೈಮಿರ್ಲಿಲ್ಲ."

"ಸಾವಿರದ ಒಂಬೈನೂರು 'ಹೂಂ' ಬಂದಿದೆ. ಯಾವುದಕ್ಕೂ ಹೆಸರಿಲ್ಲ. ಬೆಳಗಾಗೋತನಕ ಕೂತಿದ್ದೆ, ನಿನ್ನದು ಯಾವುದು ಅಂತ."

"ಈಗ ಹೇಳ್ತಿದೀನಲ್ಲ. ಹೂಂ. ಬರ್ತೀನಿ."

ಆ ಕಡೆ ಲಾರಿಯ ಎಂಜಿನ್ ಗುರುಗುಡುತ್ತಿತ್ತು. "ಡಿಪೋದಲ್ಲಿ ಎಲ್ಲರೂ ನನ್ನನ್ನ ಏಳನೇದು ಅಂತ ಕರೀತಿದಾರೆ," ಎಂದ.

"'ನಿನಗೆ ಮಾತ್ರ' ಅಂತ ಒಂದು ಸಾಲು ಬರೀಬಾರ್ದಿತ್ತಾ ನೀನು?"

"ಬರೀದೇನೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆದರಿಸಿತು. "ನೀನು ಕೆಟ್ಟವಳಲ್ಲ, ಲೋರ್ನಾ. ಆದ್ರೆ ನಿನ್ನ ಮುಂದೆ ಕೂತಾಗೆಲ್ಲ ಹಿಂದೆ ಎರಡು ಸಾವಿರ ಜನ ಕೂತಿರ್ತಾರೆ ಅನ್ಸುತ್ತೆ. ನನ್ಕೈಲಿ ಆಗಲ್ಲ. ನಾಳೆ ಬರಲ್ಲ ನಾನು."

ಭಾನುವಾರ ಅವಳು ಆಶ್‌ಲ್ಯಾಂಡಿಗೆ ಹೋದಳು. ಅದೇ ಮೇಜಿನಲ್ಲಿ ಮಧ್ಯಾಹ್ನದಿಂದ ಸಂಜೆ ಐದರವರೆಗೆ ಕಾದಳು. ಎರಡು ಪೈ ಹೇಳಿದಳು. ಪ್ರತಿ ಸಲ ಬಾಗಿಲು ತೆರೆದಾಗಲೂ ಎತ್ತರದವನೊಬ್ಬ ತಲೆ ಬಗ್ಗಿಸಿ ಒಳಬರುತ್ತಾನೆಂದು ನೋಡಿದಳು. ಬಂದವರು ಬೇರೆಯವರು.

ಮುಂದಿನ ಶುಕ್ರವಾರ ಬ್ಲಾಗಿಗೆ ಏನನ್ನೂ ಹಾಕಲಿಲ್ಲ. ಏನಾಯಿತೆಂದು ಓದುಗರು ಕೇಳಿದರು. ಅವಳು ಹೇಳಲಿಲ್ಲ. ಪುಟದ ಪ್ರತಿ ಇದ್ದರೆ ಕಳಿಸು, ಯಾರಿಗೂ ತೋರಿಸುವುದಿಲ್ಲ ಎಂದು ಆರ್ವಿಡ್‌ಗೆ ಬರೆದಳು. ಮೂರು ವಾರದ ಮೇಲೆ ಉತ್ತರ ಬಂತು: "ಅಳಿಸಿಬಿಟ್ಟೆ. ಪ್ರತಿ ಇಟ್ಟಿರಲಿಲ್ಲ. ಅರವತ್ತನಾಲ್ಕು ಚಿತ್ರ ಇದ್ದವು. ಚೆನ್ನಾಗಿರು."

ಲೋರ್ನಾ ನೋಡಿದ್ದು ಒಂಬತ್ತು. ಹೋದದ್ದು ಐವತ್ತೈದು ಚಿತ್ರ, ಮತ್ತು ಅವನು.